ಡ್ರಿಪ್, ಸ್ಪ್ರಿಂಕ್ಲರ್, ಸೋಲಾರ್ ಪಂಪು, ಬರೀ ಪೈಪು: ಸಣ್ಣ ಹಿಡುವಳಿಗೆ ಯಾವುದು, ಯಾವ ಸಬ್ಸಿಡಿಯಲ್ಲಿ?

ಸಹಾಯಧನದ ಸುದ್ದಿ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಪರ್ಸೆಂಟ್? ಶೇ. 40 ಅಂದರೆ ಮುಖ ಸಪ್ಪೆ. ಶೇ. 90 ಅಂದರೆ ಅರ್ಜಿ ಹಾಕೋಕೆ ಓಟ. ಎರಡು ಮೂರು ಎಕರೆ ಇರುವವರ ಮಟ್ಟಿಗೆ ಈ ಪ್ರಶ್ನೆ ಕೊನೆಗೆ ಬರಬೇಕು ಅನ್ನುವುದು ನನ್ನ ಅಭಿಪ್ರಾಯ. ಮೊದಲು ನೋಡಬೇಕಾದದ್ದು ಬೇಸಿಗೆಯಲ್ಲಿ ಬಾವಿ ಎಷ್ಟು ನೀರು ಕೊಡುತ್ತದೆ ಅನ್ನುವುದನ್ನು. ಆಮೇಲೆ, ಸಹಾಯಧನ ಬಿಡುಗಡೆ ಆಗುವವರೆಗೆ ಯಾರ ದುಡ್ಡು ಸಿಕ್ಕಿಕೊಂಡಿರುತ್ತದೆ ಅನ್ನುವುದನ್ನು. ಅದಾದ ಮೇಲೆ, ಮೂರನೇ ವರ್ಷ ಡ್ರಿಪ್ಪರ್ (ಡ್ರಿಪ್ ಪೈಪಿನಲ್ಲಿ ನೀರು ಹನಿಸುವ ಸಣ್ಣ ಬಾಯಿ) ಕಟ್ಟಿಕೊಂಡಾಗ ರಿಪೇರಿಗೆ ಯಾರು ಬರುತ್ತಾರೆ ಅನ್ನುವುದನ್ನು. ಈ ಮೂರಕ್ಕೂ ಉತ್ತರ ಸಿಕ್ಕರೆ ಪರ್ಸೆಂಟಿನ ಲೆಕ್ಕ ತಾನಾಗಿ ಸಲೀಸಾಗುತ್ತದೆ.

ಮೊದಲು ಒಂದು ಡ್ರಮ್ಮು ತುಂಬಿಸಿ ನೋಡಿ

ಬೇಸಿಗೆಯಲ್ಲಿ ಚೆನ್ನಾಗಿ ಹಬ್ಬಿದ ಬೆಳೆ ದಿನಕ್ಕೆ 5 ಮಿಲಿಮೀಟರ್‌ನಷ್ಟು ನೀರು ಕುಡಿಯುತ್ತದೆ ಅಂತ ಇಟ್ಟುಕೊಳ್ಳೋಣ. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಅಲ್ಲಿಗೆ ಎಕರೆಗೆ ದಿನಕ್ಕೆ ಹತ್ತಿರ ಹತ್ತಿರ 20,000 ಲೀಟರ್ ಆಯಿತು. ಇದು ಗಿಡಕ್ಕೆ ಬೇಕಾದ ನೀರು ಮಾತ್ರ. ಪಂಪು ಎತ್ತಬೇಕಾದದ್ದು ಇದಕ್ಕಿಂತ ಜಾಸ್ತಿ, ಯಾಕಂದರೆ ದಾರಿಯಲ್ಲಿ, ಹೊಲದಲ್ಲಿ ಒಂದಷ್ಟು ಪೋಲಾಗುತ್ತದೆ.

ಎಷ್ಟು ಪೋಲು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತನ್ನ ತರಬೇತಿ ಕೈಪಿಡಿಗಳಲ್ಲಿ ಕೊಡುವ ಅಂದಾಜು ಹೀಗಿದೆ: ಹರಿ ನೀರಾವರಿಯಲ್ಲಿ, ಅಂದರೆ ನೆಲದ ಮೇಲೆ ನೀರು ಹರಿಸಿ ಹಾಯಿಸುವ ಪದ್ಧತಿಯಲ್ಲಿ, ಹೊಲಕ್ಕೆ ಬಿಟ್ಟ ನೀರಿನ ಶೇ. 60 ಬೆಳೆಗೆ ಸಿಗುತ್ತದೆ, ಸ್ಪ್ರಿಂಕ್ಲರಿನಲ್ಲಿ ಶೇ. 75, ಡ್ರಿಪ್ಪಿನಲ್ಲಿ ಶೇ. 90. ಹಾಗಾದರೆ ಅದೇ 20,000 ಲೀಟರಿಗೆ ಹರಿ ನೀರಿನಲ್ಲಿ ಸುಮಾರು 33,000 ಲೀಟರ್ ಎತ್ತಬೇಕು, ಸ್ಪ್ರಿಂಕ್ಲರಿನಲ್ಲಿ 27,000, ಡ್ರಿಪ್ಪಿನಲ್ಲಿ 22,000.

ಈಗ ನಿಮ್ಮ ಬಾವಿ. 200 ಲೀಟರಿನ ಡ್ರಮ್ಮೊಂದನ್ನು ಪೈಪಿನ ಬಾಯಿಗೆ ಇಟ್ಟು ಮೊಬೈಲಿನಲ್ಲಿ ಸೆಕೆಂಡು ಎಣಿಸಿ. ಮೋಟಾರು ಹಾಕಿದ ಕೂಡಲೇ ಬೇಡ, ಎರಡು ಗಂಟೆ ಓಡಿದ ಮೇಲೆ ಅಳೆಯಿರಿ. ಮಳೆಗಾಲ ಮುಗಿದ ಕೂಡಲೇ ಬೇಡ, ಬೇಸಿಗೆಯ ಕೊನೆಯಲ್ಲಿ ಅಳೆಯಿರಿ. ಡ್ರಮ್ಮು 100 ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರ್. ಡ್ರಿಪ್ಪಿಗೆ ಎಕರೆಗೆ ಮೂರು ಗಂಟೆ ಸಾಕು, ಹರಿ ನೀರಿಗೆ ನಾಲ್ಕೂವರೆ ಗಂಟೆ ದಾಟುತ್ತದೆ. ಕರೆಂಟ್ ಬರುವುದೇ ನಾಲ್ಕು ಗಂಟೆ ಅಂದರೆ ಇಲ್ಲೇ ಅರ್ಧ ತೀರ್ಮಾನ ಆದ ಹಾಗೆ. ಬದಲಿಗೆ ಬಾವಿ ಧಾರಾಳವಾಗಿದ್ದು, ಕಾಲುವೆ ನೀರೂ ಸಿಗುತ್ತಿದ್ದರೆ, ಬರೀ ನೀರಿನ ಲೆಕ್ಕಕ್ಕೆ ಡ್ರಿಪ್ ಹಾಕಿಸುವ ಅವಸರ ಇಲ್ಲ. ಕೂಲಿ, ಕಳೆ, ಗೊಬ್ಬರದ ಲೆಕ್ಕಕ್ಕೆ ಹಾಕಿಸಬಹುದು, ಅದು ಬೇರೆ ಮಾತು.

ಡ್ರಿಪ್: ಒಳ್ಳೆಯದೇ, ಆದರೆ ದಿನಾ ಕಣ್ಣಿಡಬೇಕು

ಸಾಲಿನಿಂದ ಸಾಲಿಗೆ ಅಂತರ ಜಾಸ್ತಿ ಇರುವ ಬೆಳೆಗೆ ಡ್ರಿಪ್ಪಿನಷ್ಟು ಹೊಂದುವುದು ಬೇರೆ ಇಲ್ಲ. ಹಣ್ಣಿನ ಗಿಡ, ಸಾಲು ತರಕಾರಿ, ಕಬ್ಬು, ಹತ್ತಿ. ಬುಡ ಮಾತ್ರ ನೆನೆಯುವುದರಿಂದ ನಡುವಿನ ಜಾಗದಲ್ಲಿ ಕಳೆ ಕಮ್ಮಿ. ಕರಗುವ ಗೊಬ್ಬರವನ್ನು ನೀರಿನ ಜೊತೆಯೇ ಬಿಡಬಹುದು. ಸುಮಾರು 1 ಕೆ.ಜಿ. ಪ್ರೆಶರ್ (ನೀರನ್ನು 10 ಮೀಟರ್ ಮೇಲೆತ್ತುವಷ್ಟು) ಸಾಕು. ಒತ್ತೊತ್ತಾಗಿ ಚೆಲ್ಲಿ ಬಿತ್ತುವ ಬೆಳೆಗೆ ಹಾಕಿದರೆ ಲ್ಯಾಟರಲ್ ಪೈಪಿನ (ಸಾಲುಗುಂಟ ಎಳೆಯುವ ಸಣ್ಣ ಪೈಪಿನ) ಖರ್ಚು ಏರುತ್ತದೆ, ಉಳುಮೆಗೊಮ್ಮೆ ಸುತ್ತಿಡುವ ಕೆಲಸ ಬೇರೆ.

ಡ್ರಿಪ್ಪಿನ ಆಯಸ್ಸು ಇರುವುದು ಫಿಲ್ಟರಿನಲ್ಲಿ. ಕೆರೆ, ಹೊಂಡದ ನೀರಾದರೆ ಪಾಚಿ ಬರುತ್ತದೆ, ಮರಳಿನ ಫಿಲ್ಟರ್ ಬೇಕೇ ಬೇಕು. ಕೊಳವೆಬಾವಿಯಿಂದ ಮರಳು ಬರುತ್ತಿದ್ದರೆ ಮೊದಲು ಹೈಡ್ರೋಸೈಕ್ಲೋನ್ (ನೀರನ್ನು ಸುಳಿಯಂತೆ ತಿರುಗಿಸಿ ಮರಳು ಬೇರೆ ಮಾಡುವ ಸಾಧನ), ಆಮೇಲೆ ಸ್ಕ್ರೀನ್ ಅಥವಾ ಡಿಸ್ಕ್ ಫಿಲ್ಟರ್. ಸಹಾಯಧನದ ಕೊಟೇಶನ್ನಿನಲ್ಲಿ ದುಡ್ಡು ಉಳಿಸಲು ಮೊದಲು ಕತ್ತರಿ ಬೀಳುವುದು ಇಲ್ಲಿಗೇ. ಪೈಪಿನ ಉದ್ದ ಕಣ್ಣಿಗೆ ಕಾಣುತ್ತದೆ, ಫಿಲ್ಟರ್ ಸಣ್ಣದಾಗಿರುವುದು ಕಾಣುವುದಿಲ್ಲ. ಫಿಲ್ಟರಿನ ಹಿಂದೊಂದು ಮುಂದೊಂದು ಪ್ರೆಶರ್ ಗೇಜ್ ಇರಲೇಬೇಕು ಅಂತ ಹಠ ಹಿಡಿಯಿರಿ. ಎರಡರ ನಡುವೆ ಅರ್ಧ ಕೆ.ಜಿ. ವ್ಯತ್ಯಾಸ ಬಂತು ಅಂದರೆ ಫಿಲ್ಟರ್ ತೊಳೆಯುವ ಹೊತ್ತು ಬಂತು ಅಂತ ಅರ್ಥ.

ಹಾಕಿಸಿದ ದಿನವೇ ಮಾಡಬೇಕಾದ ಒಂದು ಪರೀಕ್ಷೆ ಇದೆ. ಗಂಟೆಗೆ 4 ಲೀಟರಿನ ಡ್ರಿಪ್ಪರ್ ಆದರೆ ಆರು ನಿಮಿಷಕ್ಕೆ 400 ಮಿಲಿ ನೀರು ಬರಬೇಕು. ಲೋಟ ಹಿಡಿದು ಅಳೆಯಿರಿ. ಪೈಪಿನ ಶುರುವಿನಲ್ಲಿ, ನಡುವೆ, ಕೊನೆಯಲ್ಲಿ. ಮೊದಲ ಸಾಲಿನಲ್ಲಿ, ಕೊನೆಯ ಸಾಲಿನಲ್ಲಿ. ಶುರುವಿನಲ್ಲಿ 420, ಕೊನೆಯಲ್ಲಿ 390 ಬಂದರೆ ಚಿಂತೆ ಇಲ್ಲ. ಕೊನೆಯಲ್ಲಿ 250 ಬಂತು ಅಂದರೆ ಪೈಪು ಸಣ್ಣದು, ಇಲ್ಲವೇ ಸಾಲು ಉದ್ದ ಜಾಸ್ತಿ. ಇನ್‌ಸ್ಪೆಕ್ಷನ್ ಕಾಗದಕ್ಕೆ ಸಹಿ ಹಾಕುವ ಮೊದಲು ಇದನ್ನು ಮಾಡಿದರೆ ಸರಿಪಡಿಸಿ ಅಂತ ಕೇಳುವ ಹಕ್ಕು ನಿಮ್ಮ ಕೈಯಲ್ಲಿರುತ್ತದೆ. ಸಹಿ ಹಾಕಿದ ಮೇಲೆ ಅದು ಬರೀ ವಿನಂತಿ. ಈ ಅಳತೆಗಳನ್ನು ಗೋಡೆಯ ಮೇಲೆ ಬರೆದಿಡಿ, ಪ್ರತಿ ವರ್ಷ ಮತ್ತೆ ಅಳೆಯಿರಿ. ಗಡಸು ನೀರಿನ ಕಡೆ ಡ್ರಿಪ್ಪರ್ ಬಾಯಿಗೆ ಬಿಳಿ ಸುಣ್ಣ ಕಟ್ಟಿ ನಿಧಾನವಾಗಿ ನೀರು ಇಳಿಯುತ್ತಾ ಹೋಗುತ್ತದೆ, ದಿನಾ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಆಗ ಸುಣ್ಣ ಕರಗಿಸಲು ನೀರಿನ ಜೊತೆ ಪೈಪಿನೊಳಗೆ ಆಸಿಡ್ ಹಾಯಿಸಬೇಕು. ಯಾವಾಗಲೂ ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರು ಸುರಿಯಬಾರದು, ಮೈಮೇಲೆ ಸಿಡಿಯುತ್ತದೆ.

ಕೆಲವೇ ಗುಂಟೆ ತರಕಾರಿಗೆ ಪಂಪೂ ಬೇಡ. ಒಂದು ಮೀಟರ್ ಎತ್ತರದಲ್ಲಿ ತೊಟ್ಟಿ ಇಟ್ಟು ಓಡಿಸುವ ಕಿಟ್‌ಗಳಿವೆ. ಅಗ್ಗ. ಆದರೆ ದಿನಾ ತೊಟ್ಟಿ ತುಂಬಿಸುವವರು ಯಾರು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಸ್ಪ್ರಿಂಕ್ಲರ್

ಶೇಂಗಾ, ಗೋಧಿ, ಕಾಳು, ಮೇವಿನಂಥ ಒತ್ತು ಬೆಳೆಗೆ, ಮರಳು ಮಣ್ಣಿಗೆ, ಏರುಪೇರಿನ ಹೊಲಕ್ಕೆ ಸ್ಪ್ರಿಂಕ್ಲರ್ ಸರಿ. ಡ್ರಿಪ್ಪಿಗಿಂತ ಖರ್ಚು ಕಮ್ಮಿ. ಇವತ್ತು ಈ ಹೊಲ, ನಾಳೆ ಆ ಹೊಲ ಅಂತ ಎತ್ತಿಕೊಂಡು ಹೋಗಬಹುದು. ಗುತ್ತಿಗೆಗೆ ಹೊಲ ಮಾಡುವವರಿಗೆ ಇದು ದೊಡ್ಡ ಅನುಕೂಲ.

ತೊಂದರೆ ಎರಡು. ಒಂದು ಪ್ರೆಶರ್: ಸಾಮಾನ್ಯ ಸ್ಪ್ರಿಂಕ್ಲರಿಗೆ ಎರಡೂವರೆಯಿಂದ ಮೂರು ಕೆ.ಜಿ. ಬೇಕು. ಪಂಪಿನ ಲೆಕ್ಕದಲ್ಲಿ ಅದು ಬಾವಿ ಇನ್ನೂ 25-30 ಮೀಟರ್ ಆಳ ಆದ ಹಾಗೆ. ಡೀಸೆಲ್ ಪಂಪು ಇರುವವರು ಇದನ್ನು ಎರಡು ಸಲ ಲೆಕ್ಕ ಹಾಕಬೇಕು. ಎರಡನೆಯದು ಗಾಳಿ. ಗಾಳಿ ಜೋರಿದ್ದ ಮಧ್ಯಾಹ್ನ ಓಡಿಸಿದರೆ ನೀರು ಬದುವಿನ ಆಚೆ ಬೀಳುತ್ತದೆ. ನೀರಿನಲ್ಲಿ ಉಪ್ಪಿದ್ದರೆ ಎಲೆ ಸುಡುತ್ತದೆ, ಎಲೆ ಒದ್ದೆಯಾಗಿದ್ದರೆ ರೋಗ ಬರುವ ಬೆಳೆಗೂ ಇದು ಬೇಡ.

ಯಾರೂ ಪೋಸ್ಟರ್ ಹಾಕದ ಆಯ್ಕೆ

ಬಾವಿಯಿಂದ ಹೊಲಕ್ಕೆ ಮಣ್ಣಿನ ಕಾಲುವೆಯಲ್ಲಿ ನೀರು ಹಾಯಿಸುತ್ತಿದ್ದೀರಾ? ವಿಶ್ವಸಂಸ್ಥೆಯ ಅದೇ ಕೈಪಿಡಿಗಳ ಪ್ರಕಾರ 200 ಮೀಟರಿಗಿಂತ ಕಮ್ಮಿ ಉದ್ದದ ಕಾಲುವೆಯಲ್ಲೂ ಮರಳು ಮಣ್ಣಾದರೆ ನೂರಕ್ಕೆ 20 ಪಾಲು ನೀರು ದಾರಿಯಲ್ಲೇ ಹೋಗುತ್ತದೆ, ಜೇಡಿ ಮಣ್ಣಾದರೆ 10 ಪಾಲು. ಕಾಲುವೆಯ ಬದಲು ಒಂದು ಪೈಪ್‌ಲೈನ್ ಹೂತರೆ ಇದು ಬಹುತೇಕ ಉಳಿಯಿತು. ಅದರ ಜೊತೆ ಹೊಲ ಸಮ ಮಾಡಿಸಿ, ಸಾಲು ಬಿಟ್ಟು ಸಾಲಿಗೆ ನೀರು ಕೊಡುವ ಅಭ್ಯಾಸ ಮಾಡಿಕೊಂಡರೆ ಹರಿ ನೀರಾವರಿಯೇ ಸಾಕಷ್ಟು ಸುಧಾರಿಸುತ್ತದೆ. ಫಿಲ್ಟರ್ ಇಲ್ಲ, ಆಸಿಡ್ ಇಲ್ಲ, ಅಳಿಲು ಕಡಿಯುವ ಲ್ಯಾಟರಲ್ ಇಲ್ಲ.

ಸಹಾಯಧನದ ಯೋಜನೆಗಳು ಇದಕ್ಕೆ ಅಷ್ಟು ಗಮನ ಕೊಡುವುದಿಲ್ಲ. ಮಣ್ಣಿನಡಿ ಹೂತ ಪೈಪಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳೋದು ಹೇಗೆ, ಅಲ್ವಾ? ಆದರೆ ಕೈಯಲ್ಲಿ ದುಡ್ಡು ಕಮ್ಮಿ ಇದ್ದು, ಡ್ರಿಪ್ಪಿನ ಅರ್ಜಿ ಸಾಲಿನಲ್ಲಿ ನಿಂತಿರುವಾಗ, ಸ್ವಂತ ಖರ್ಚಿನಲ್ಲಿ ಮಾಡಬಹುದಾದ ಮೊದಲ ಕೆಲಸ ಇದೇ. ನಾಳೆ ಡ್ರಿಪ್ ಬಂದರೂ ಆ ಪೈಪು ಮುಖ್ಯ ಲೈನಾಗಿ ಕೆಲಸಕ್ಕೆ ಬರಬಹುದು. ಅದಕ್ಕೆ ಪ್ರೆಶರ್ ತಡೆಯುವ ದರ್ಜೆಯ ಪೈಪನ್ನೇ ಹೂಳಿ.

ಸೋಲಾರ್ ಪಂಪು, ಹೊಂಡ

ಇವೆರಡೂ ನೀರು ಹೊಂದಿಸುವ ಸಾಧನ, ಹಾಯಿಸುವ ಸಾಧನ ಅಲ್ಲ. ಡ್ರಿಪ್ಪೋ ಸೋಲಾರೋ ಅಂತ ಕೇಳುವುದೇ ತಪ್ಪಾಗುತ್ತದೆ.

ಡೀಸೆಲ್ ಸುಡುತ್ತಿರುವವರಿಗೆ ಸೋಲಾರ್ ದೊಡ್ಡ ಬಿಡುಗಡೆ. ಪ್ಯಾನೆಲ್ 25 ವರ್ಷ ಬರುತ್ತದೆ. ಕಂಟ್ರೋಲರ್ ಮತ್ತು ಪಂಪು ಅಷ್ಟು ಬರುವುದಿಲ್ಲ, ಆ ಖರ್ಚು ಲೆಕ್ಕದಲ್ಲಿರಲಿ. ನೀರಿನ ಮಟ್ಟ 30 ಮೀಟರಿನಿಂದ 60 ಮೀಟರಿಗೆ ಇಳಿದರೆ ಅದೇ ಪ್ಯಾನೆಲ್ ಸುಮಾರು ಅರ್ಧ ನೀರನ್ನಷ್ಟೇ ಎತ್ತುತ್ತದೆ. ಹಾಗಾಗಿ ಇವತ್ತಿನ ಮಟ್ಟಕ್ಕೆ ಲೆಕ್ಕ ಹಾಕಿ ಕೊಡುವ ಪಂಪನ್ನು ನಂಬಬೇಡಿ, ಬಾವಿಯ ಕೆಟ್ಟ ವರ್ಷದ ಮಟ್ಟ ಹೇಳಿ. ಬೆಳಗ್ಗೆ, ಮೋಡದ ದಿನ ಪ್ರೆಶರ್ ಏರುಪೇರಾಗುವುದರಿಂದ ಸೋಲಾರಿನಿಂದ ನೇರ ಸ್ಪ್ರಿಂಕ್ಲರ್ ಓಡಿಸುವುದು ಕಷ್ಟ. ನಡುವೆ ತೊಟ್ಟಿ ಇದ್ದರೆ ನೆಮ್ಮದಿ.

ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ಮರಳು ಮಣ್ಣಿನಲ್ಲಿ ನೀರು ನಿಲ್ಲದು. ಹಾಸಿದರೂ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ ನೂರು ದಿನಕ್ಕೆ ಅರ್ಧ ಮೀಟರ್ ಹೋಯಿತು. ಆದ್ದರಿಂದ ಅಗಲ ಕಮ್ಮಿ, ಆಳ ಜಾಸ್ತಿ ಇರಲಿ. ಸುತ್ತ ಬೇಲಿ ಇರಲೇಬೇಕು. ಹಾಳೆ ಹಾಸಿದ ಹೊಂಡಕ್ಕೆ ಬಿದ್ದ ಮಗುವಿಗೆ ಜಾರುವ ದಡ ಹತ್ತಿ ಬರಲು ಆಗುವುದಿಲ್ಲ.

ದುಡ್ಡು ಯಾವ ದಾರಿಯಲ್ಲಿ ಬರುತ್ತದೆ

ಸಹಾಯಧನದ ಪರ್ಸೆಂಟನ್ನು ಯಾವುದರ ಮೇಲೆ ಹಾಕುತ್ತಾರೆ ಅನ್ನುವುದು ಮೊದಲ ಗುಟ್ಟು. ಸಾಮಾನ್ಯವಾಗಿ ನಿಮ್ಮ ಬಿಲ್ಲಿನ ಮೇಲೆ ಅಲ್ಲ, ಸರ್ಕಾರ ನಿಗದಿ ಮಾಡಿದ ಘಟಕ ವೆಚ್ಚದ ಮೇಲೆ. ಬಿಲ್ 100 ಆಗಿ, ಘಟಕ ವೆಚ್ಚ 80 ಇದ್ದರೆ ಶೇ. 50 ಅಂದರೆ ಕೈಗೆ ಬರುವುದು 40.

ಮೊದಲು ನೀವು ಪೂರ್ತಿ ಕಟ್ಟಿ, ಆಮೇಲೆ ಸಹಾಯಧನ ಖಾತೆಗೆ ಬರುವುದು ಒಂದು ದಾರಿ. ಇದರಲ್ಲಿ ಸ್ವಾತಂತ್ರ್ಯ ಇದೆ: ಚೌಕಾಸಿ ಮಾಡಬಹುದು, ಬೇಕಾದ ಫಿಲ್ಟರ್ ಹಾಕಿಸಬಹುದು. ಆದರೆ ಕಾಯುವ ಕಾಲಕ್ಕೂ ಬೆಲೆ ಇದೆ. 100ರ ಬಿಲ್ಲಿಗೆ ಬರಬೇಕಾದ 50ನ್ನು ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಗೆ ತಂದು, ಅದು ಬರಲು ಒಂದು ವರ್ಷ ಆದರೆ 12 ಬಡ್ಡಿಗೇ ಹೋಯಿತು. ನಿಜವಾದ ಸಹಾಯಧನ 38. ಬಡವರಿಗಾಗಿ ಇರುವ ಯೋಜನೆ ಕೈಯಲ್ಲಿ ಕಾಸಿದ್ದವರಿಗೇ ಸಿಗುವುದು ಹೀಗೆ.

ನಿಮ್ಮ ಪಾಲು ಮಾತ್ರ ನೀವು ಕಟ್ಟಿ, ಉಳಿದದ್ದು ನೇರ ಕಂಪನಿಗೆ ಹೋಗುವುದು ಇನ್ನೊಂದು ದಾರಿ. ಸಾಲದ ತಲೆನೋವಿಲ್ಲ, ಸಣ್ಣ ರೈತರಿಗೆ ಇದೇ ಹತ್ತಿರ. ಇಲ್ಲಿ ಬೆಲೆಯ ಕಡೆ ಕಣ್ಣಿರಲಿ. ಸರ್ಕಾರದ ಪಟ್ಟಿಯಲ್ಲಿರುವ ಕಂಪನಿಯ ಕೊಟೇಶನ್ 100, ಅದೇ ಗುಣಮಟ್ಟದ ಸಾಮಾನು ಹೊರಗೆ 70ಕ್ಕೆ ಸಿಗುತ್ತದೆ ಅಂದುಕೊಳ್ಳಿ. ಶೇ. 50 ಸಹಾಯಧನದಲ್ಲಿ ನಿಮಗೆ ಉಳಿದದ್ದು 20. ಪೋಸ್ಟರಿನ ಶೇ. 50 ಕೈಗೆ ಬರುವಾಗ ಸುಮಾರು ಶೇ. 29 ಆಯಿತು. ಸಹಾಯಧನ ಶೇ. 30 ಮಾತ್ರ ಇದ್ದರೆ ಉಳಿತಾಯ ಸೊನ್ನೆ, ಅಲೆದಾಟ ಪೂರ್ತಿ. ಹೊರಗಿನ ಎರಡು ಕೊಟೇಶನ್ ಇಲ್ಲದೆ ಅರ್ಜಿಗೆ ಸಹಿ ಹಾಕಬೇಡಿ ಅನ್ನುವುದು ಇದಕ್ಕೇ. ಇನ್ನೂ ಒಂದಿದೆ. ಹಣ ಕೊಡುವುದು ಕಚೇರಿ ಆದಾಗ ಕಂಪನಿಗೆ ಗಿರಾಕಿ ಕಚೇರಿಯೇ, ನೀವಲ್ಲ. ಮಾರಾಟದ ನಂತರದ ಸೇವೆ ಎಷ್ಟು ವರ್ಷ, ಯಾರು ಬರುತ್ತಾರೆ ಅನ್ನುವುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಗುಜರಾತ್ 2005ರಲ್ಲಿ ಡ್ರಿಪ್, ಸ್ಪ್ರಿಂಕ್ಲರ್ ಸಹಾಯಧನಕ್ಕಾಗಿಯೇ ಒಂದು ಪ್ರತ್ಯೇಕ ಕಂಪನಿ ಮಾಡಿ, ಅರ್ಜಿಯಿಂದ ತಪಾಸಣೆ, ಹಣ ಬಿಡುಗಡೆವರೆಗೆ ಎಲ್ಲವನ್ನೂ ಒಂದೇ ಕಡೆ ತಂದಿತು.

ಪೂರ್ತಿ ಉಚಿತ ಕಿಟ್ ಕೇಳಲು ಚೆಂದ. ಜಿಂಬಾಬ್ವೆಯಲ್ಲಿ 2000ರ ದಶಕದಲ್ಲಿ ಪರಿಹಾರ ಯೋಜನೆಗಳಡಿ ಬಡ ಕುಟುಂಬಗಳಿಗೆ ಸಣ್ಣ ಡ್ರಿಪ್ ಕಿಟ್ ಹಂಚಿದರು. ಕೆಲವೇ ವರ್ಷಗಳಲ್ಲಿ ಅನೇಕರು ಬಳಸುವುದನ್ನೇ ಬಿಟ್ಟರು. ನೀರಿನ ಮೂಲ ದೂರ, ಬಿಡಿಭಾಗ ಸಿಗುವುದಿಲ್ಲ, ಕೇಳಲು ಯಾರೂ ಇಲ್ಲ. ಇನ್ನೊಂದು ತುದಿಯಲ್ಲಿ ಬಾಂಗ್ಲಾದೇಶದ ತುಳಿಯುವ ಪಂಪು ಇದೆ. ಬಿದಿರಿನ ಕಂಬ, ಲೋಹದ ಎರಡು ಸಿಲಿಂಡರ್, ಕಾಲಲ್ಲಿ ತುಳಿದರೆ ನೀರು. ಊರಿನ ವರ್ಕ್‌ಶಾಪಿನಲ್ಲೇ ತಯಾರಾಗುತ್ತಿತ್ತು, ಅಲ್ಲೇ ರಿಪೇರಿ ಆಗುತ್ತಿತ್ತು. ದುಡ್ಡು ಕೊಟ್ಟು ಕೊಂಡವರೇ ಹೆಚ್ಚು, ಮಾರಾಟ ಹತ್ತು ಲಕ್ಷ ದಾಟಿತು. ಉಚಿತ ಕೊಡಬಾರದು ಅಂತ ಇದರರ್ಥ ಅಲ್ಲ. ಉಚಿತ ಬಂದರೂ ಪೇಟೆಯಲ್ಲಿ ಅದರ ಬಿಡಿಭಾಗ ಸಿಗುತ್ತದಾ ಅಂತ ನೋಡಿ ತೆಗೆದುಕೊಳ್ಳಿ.

ಸಾಲ ಬೆರೆಸಿದ ಯೋಜನೆಗಳೂ ಇವೆ. ಭಾರತದಲ್ಲಿ 2019ರಲ್ಲಿ ಶುರುವಾದ ಪಿಎಂ-ಕುಸುಮ್ ಸೋಲಾರ್ ಪಂಪಿನ ಮೂಲ ಲೆಕ್ಕ ಹೀಗಿತ್ತು: ಕೇಂದ್ರ ಶೇ. 30, ರಾಜ್ಯ ಶೇ. 30, ರೈತರದ್ದು ಶೇ. 40. ಆ ನಲವತ್ತರಲ್ಲಿ 30 ಬ್ಯಾಂಕ್ ಸಾಲ ಆಗಬಹುದು, ಮೊದಲಿಗೆ ಕೈಯಿಂದ ಹಾಕುವುದು ಶೇ. 10. ಪೋಸ್ಟರಿನಲ್ಲಿ ಆ ಹತ್ತೇ ದೊಡ್ಡದಾಗಿ ಕಾಣುತ್ತದೆ. ಸಾಲದ ಕಂತು ಯಾವ ಬೆಳೆಯಿಂದ ಬರುತ್ತದೆ ಅಂತ ಮೊದಲೇ ಯೋಚಿಸಿ.

ನಿಯಮಗಳ ಸಣ್ಣಕ್ಷರವನ್ನೂ ಓದಬೇಕು. ಭಾರತದ ಸೂಕ್ಷ್ಮ ನೀರಾವರಿ (ಡ್ರಿಪ್, ಸ್ಪ್ರಿಂಕ್ಲರ್) ಯೋಜನೆಯಲ್ಲಿ ಸಣ್ಣ, ಅತಿಸಣ್ಣ ರೈತರಿಗೆ ಶೇ. 55, ಉಳಿದವರಿಗೆ ಶೇ. 45, ಒಬ್ಬರಿಗೆ 5 ಹೆಕ್ಟೇರ್‌ವರೆಗೆ. ಅದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸಬಹುದು. ಅದೇ ಜಮೀನಿಗೆ ಮತ್ತೆ ಸಹಾಯಧನ 7 ವರ್ಷ ಆದ ಮೇಲೆಯೇ. ಅಂದರೆ ಕಳಪೆ ಸಾಮಾನು ಹಾಕಿಸಿಕೊಂಡು ಮೂರನೇ ವರ್ಷ ಕೈಸುಟ್ಟುಕೊಂಡರೆ, ನಾಲ್ಕು ವರ್ಷ ಪೂರ್ತಿ ಸ್ವಂತ ಖರ್ಚು. ಪಹಣಿ ಹೆಸರಿನಲ್ಲಿಲ್ಲದ ಗುತ್ತಿಗೆ ರೈತರಿಗೆ ಇಂಥ ಯೋಜನೆಯ ಬಾಗಿಲು ತೆರೆಯುವುದೇ ಕಷ್ಟ.

ನೀರು ನಿಜವಾಗಿ ಉಳಿಯುತ್ತಾ?

ಸಹಾಯಧನ ಕೊಡುವ ಸರ್ಕಾರಗಳ ಮುಖ್ಯ ಕಾರಣವೇ ನೀರು ಉಳಿತಾಯ. ಇಲ್ಲಿ ಕಥೆ ಸ್ವಲ್ಪ ಬೇರೆ. ಮೊರಾಕ್ಕೊ 2008ರ ಹಸಿರು ಯೋಜನೆಯಡಿ ಡ್ರಿಪ್ಪಿಗೆ ಶೇ. 80, ಸಣ್ಣ ರೈತರಿಗೆ ಶೇ. 100ರವರೆಗೂ ಕೊಟ್ಟಿತು. ಡ್ರಿಪ್ ವೇಗವಾಗಿ ಹರಡಿತು. ಆದರೆ ಉಳಿದ ನೀರಿನಲ್ಲಿ ರೈತರು ಹೆಚ್ಚು ಜಾಗಕ್ಕೆ, ಹೆಚ್ಚು ನೀರು ಬೇಡುವ ಬೆಳೆಗೆ ಹೋದರು, ಅಂತರ್ಜಲದ ಮೇಲಿನ ಒತ್ತಡ ಇಳಿಯಲಿಲ್ಲ. ಅಮೆರಿಕದ ಕಾನ್ಸಾಸಿನಲ್ಲಿ ಸಹಾಯಧನ ಕೊಟ್ಟು ನೀರು ಉಳಿಸುವ ಸ್ಪ್ರಿಂಕ್ಲರ್ ನಾಜಲ್ ಹಾಕಿಸಿದ ಮೇಲೆ ಅಂತರ್ಜಲ ಎತ್ತುವುದು ಹೆಚ್ಚಾಯಿತು ಅಂತ 2014ರ ಅಧ್ಯಯನವೊಂದು ತೋರಿಸಿತು. ಆಹಾರ ಮತ್ತು ಕೃಷಿ ಸಂಸ್ಥೆಯ 2017ರ ವರದಿಯದ್ದೂ ಇದೇ ಮಾತು: ನೀರಿಗೆ ಮಿತಿ ಹಾಕದೆ ಬರೀ ತಂತ್ರಜ್ಞಾನ ಕೊಟ್ಟರೆ ಒಟ್ಟು ಬಳಕೆ ಇಳಿಯುವುದಿಲ್ಲ.

ಡ್ರಿಪ್ಪಿನ ತವರು ಇಸ್ರೇಲಿನಲ್ಲಿ ಮಿತಿ ಮೊದಲು ಬಂತು. 1959ರ ಕಾನೂನು ನೀರನ್ನೆಲ್ಲ ಸಾರ್ವಜನಿಕ ಸ್ವತ್ತು ಮಾಡಿತು, ರೈತರಿಗೆ ಸಿಕ್ಕಿದ್ದು ಅಳತೆ ಮಾಡಿದ ಪಾಲು. ಹತ್ಜೆರಿಮ್ ಎಂಬ ಕಿಬ್ಬುಟ್ಸ್‌ನಲ್ಲಿ (ಎಲ್ಲರೂ ಸೇರಿ ದುಡಿಯುವ ಸಾಮೂಹಿಕ ಹಳ್ಳಿ) ಡ್ರಿಪ್ಪರ್ ತಯಾರಿಸುವ ಕಂಪನಿ ಶುರುವಾದದ್ದು 1965ರಲ್ಲಿ. ಕರೆಂಟ್ ಉಚಿತ, ನೀರಿಗೆ ಮೀಟರ್ ಇಲ್ಲ ಅನ್ನುವ ಕಡೆ ಉಳಿಸುವ ಆಸೆ ಯಾಕೆ ಬರಬೇಕು ಹೇಳಿ? ಪಂಜಾಬ್ 2018ರಲ್ಲಿ ಬೇರೆ ದಾರಿ ಹಿಡಿಯಿತು: ಪಂಪಿಗೆ ನಿಗದಿ ಮಾಡಿದ ಕರೆಂಟಿನಲ್ಲಿ ರೈತರು ಉಳಿಸಿದ ಪ್ರತಿ ಯೂನಿಟ್ಟಿಗೂ ದುಡ್ಡು ಕೊಡುವುದು. ನನಗೆ ಇದು ಶೇ. 90ರ ಪೈಪಿಗಿಂತ ಜಾಣ ಸಹಾಯಧನ ಅನಿಸುತ್ತದೆ.

ಸಣ್ಣ ರೈತರು ಉಳಿದ ನೀರಿನಲ್ಲಿ ಇನ್ನರ್ಧ ಎಕರೆ ಬೆಳೆದರೆ ತಪ್ಪೇನೂ ಇಲ್ಲ, ಆದಾಯ ಬರುವುದೇ ಅಲ್ಲಿಂದ. ಆದರೆ ಸುತ್ತಲಿನ ಹತ್ತು ಬಾವಿಗೂ ಅಡಿಯಲ್ಲಿರುವುದು ಒಂದೇ ನೀರು ಅಂತಾದರೆ, ಡ್ರಿಪ್ ಹಾಕಿಸಿದ್ದೇವೆ ಅಂತ ಐದು ವರ್ಷದ ತೋಟದ ಬೆಳೆಗೆ ಕೈ ಹಾಕುವ ಮೊದಲು ನೆರೆಯವರು ಏನು ಹಾಕುತ್ತಿದ್ದಾರೆ ಅಂತ ನೋಡಿ.

ಹಾಗಾದರೆ ಯಾರಿಗೆ ಯಾವುದು

ಬಾವಿ ಬಡವಾಗಿದ್ದು, ಸಾಲು ಬೆಳೆ, ದಿನಾ ತೋಟಕ್ಕೆ ಹೋಗುವ ಒಬ್ಬರು ಮನೆಯಲ್ಲಿದ್ದರೆ: ಡ್ರಿಪ್. ನಿಮ್ಮ ಪಾಲು ಮಾತ್ರ ಕಟ್ಟುವ ಯೋಜನೆ ಇದ್ದರೆ ಅದನ್ನೇ ಹಿಡಿಯಿರಿ. ಒತ್ತು ಬೆಳೆ, ಮರಳು ಮಣ್ಣು, ಬೇರೆ ಬೇರೆ ಕಡೆ ತುಂಡು ಜಮೀನು: ಸ್ಪ್ರಿಂಕ್ಲರ್. ಇದಕ್ಕೆ ಖರ್ಚು ಕಮ್ಮಿ ಇರುವುದರಿಂದ ಮೊದಲು ಕಟ್ಟಿ ಆಮೇಲೆ ಪಡೆಯುವ ಯೋಜನೆಯೂ ಅಷ್ಟು ಭಾರ ಆಗದು. ನೀರು ಸಾಕಷ್ಟಿದ್ದು ಕೈಯಲ್ಲಿ ಕಾಸಿಲ್ಲ: ಪೈಪ್‌ಲೈನ್ ಮತ್ತು ಸಮ ಮಾಡಿದ ಹೊಲ. ಡೀಸೆಲ್ ಬಿಲ್ಲೇ ಹೊರೆಯಾಗಿದ್ದು, ನೀರಿನ ಮಟ್ಟ ಮೇಲಿದ್ದರೆ ಸೋಲಾರ್. ಮಟ್ಟ ವರ್ಷ ವರ್ಷ ಇಳಿಯುತ್ತಿದ್ದರೆ ಸೋಲಾರಿಗೆ ನಾನು ಬೇಡ ಅನ್ನುತ್ತೇನೆ, ಸಹಾಯಧನ ಎಷ್ಟೇ ಇರಲಿ.

ನಾಲ್ಕು ಮನೆ ಸೇರಿ ಒಂದು ಪಂಪು ಹಾಕಿಸುವುದಾದರೆ ಸರದಿಯನ್ನೂ ರಿಪೇರಿಯ ಪಾಲನ್ನೂ ಪಂಪು ಬರುವ ಮೊದಲೇ ಬರೆದಿಟ್ಟುಕೊಳ್ಳಿ. ಅರ್ಜಿ ಹಾಕುವಾಗ ಕಚೇರಿಯಲ್ಲಿ ಇಷ್ಟು ಕೇಳಿ: ಘಟಕ ವೆಚ್ಚ ಎಷ್ಟು, ಹೋದ ವರ್ಷ ಅರ್ಜಿ ಹಾಕಿದವರಿಗೆ ಹಣ ಯಾವ ತಿಂಗಳು ಬಂತು, ಕಾರ್ಯಾದೇಶ (ಕೆಲಸ ಶುರು ಮಾಡಿ ಅನ್ನುವ ಕಚೇರಿಯ ಕಾಗದ) ಬರುವ ಮೊದಲೇ ಸಾಮಾನು ಹಾಕಿಸಿದರೆ ಸಹಾಯಧನ ಸಿಗುತ್ತದಾ. ಈ ಕೊನೆಯದಕ್ಕೆ ಉತ್ತರ ಸಾಮಾನ್ಯವಾಗಿ ಇಲ್ಲ ಎಂದೇ ಇರುತ್ತದೆ. ಹಾಗಾಗಿ ಬಿತ್ತನೆಗೆ ಹೊತ್ತಾಯಿತು ಅಂತ ಮೊದಲೇ ಪೈಪು ಇಳಿಸಿಕೊಳ್ಳಬೇಡಿ.